ಚಳಿಗಾಲದಲ್ಲಿ ತೋಟದ ಕೆರೆಯ ಗಾಳ: ಮೂಡಿಗೆರೆ ಸೀಮೆಯ ಒಂದು ಹೋಂಸ್ಟೇ ಸೇವೆಯ ವಿಮರ್ಶೆ

ಮೂಡಿಗೆರೆ ಮತ್ತು ಸಕಲೇಶಪುರದ ನಡುವಿನ ಕಾಫಿ ತೋಟಗಳಲ್ಲಿರುವ ಕೆಲವು ಹೋಂಸ್ಟೇಗಳು, ತೋಟದ ಕೆರೆಯಲ್ಲಿ ಗಾಳ ಹಾಕಿ ಮೀನು ಹಿಡಿಯುವುದನ್ನು ಚಳಿಗಾಲದ ಮುಖ್ಯ ಆಕರ್ಷಣೆಯೆಂದು ಹೇಳಿಕೊಳ್ಳುತ್ತವೆ. ಅಂಥ ಒಂದು ಹೋಂಸ್ಟೇಯಲ್ಲಿ ಈ ಜನವರಿಯಲ್ಲಿ ಕುಟುಂಬದೊಂದಿಗೆ ತಂಗಿ, ಹಣ ಕೊಟ್ಟು ಆ ಸೇವೆಯನ್ನು ಪಡೆದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಮೆಚ್ಚಿದ್ದರ ಜೊತೆಗೆ ಆಕ್ಷೇಪಗಳೂ ಇರುವುದರಿಂದ ಹೋಂಸ್ಟೇಯ ಹೆಸರನ್ನು ಬರೆದಿಲ್ಲ. ಆದರೆ ಇಲ್ಲಿ ಹೇಳಿರುವ ಬಹುಪಾಲು ಸಂಗತಿಗಳು ಈ ಸೀಮೆಯ ಯಾವುದೇ ತೋಟದ ಕೆರೆಗೂ ಅನ್ವಯಿಸುತ್ತವೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಚಳಿಗಾಲದಲ್ಲಿ ಇಲ್ಲಿ ಮೀನು ಹಿಡಿಯುವುದು ನಿಜಕ್ಕೂ ಸಂತೋಷದ ಕೆಲಸ. ಆದರೆ ಅದನ್ನು ಬೆಳಗಿನ ಆರು ಗಂಟೆಗೆ ಇಟ್ಟುಕೊಳ್ಳುವುದು ಮೀನಿನ ಸ್ವಭಾವಕ್ಕೂ ಒಗ್ಗುವುದಿಲ್ಲ, ಅತಿಥಿಯ ಮೈಗೂ ಒಗ್ಗುವುದಿಲ್ಲ. ಹತ್ತೂವರೆಯಿಂದ ಮೂರರವರೆಗಿನ ಹೊತ್ತು ಸಿಕ್ಕಿದರೆ ಮಾತ್ರ ಕೊಟ್ಟ ಹಣ ಸಾರ್ಥಕವಾಗುತ್ತದೆ.

ಮಲೆನಾಡಿನಲ್ಲಿ ಮೀನು ಎಂದರೆ ಮಳೆಗಾಲದ ಮಾತು. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹಳ್ಳಗಳು ಕೆಂಪಾಗಿ ಹರಿದು, ಮೊಟ್ಟೆಯಿಡಲು ಮೀನುಗಳು ನೀರಿಗೆದುರಾಗಿ ಗದ್ದೆಗಳತ್ತ ಏರಿ ಬರುವ ಹತ್ತುಮೀನಿನ ಕಾಲ, ಅದಕ್ಕಾಗಿ ಬಿದಿರಿನ ಕೂಳಿ ಹೂಡಿ ಕಾಯುವ ರಾತ್ರಿಗಳು, ಇವೇ ಇಲ್ಲಿಯ ಹಿರಿಯರ ನೆನಪಿನಲ್ಲಿ ಉಳಿದಿರುವ ಮೀನು ಬೇಟೆ. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ತೋಟದವರ ಗಮನವೆಲ್ಲ ಅರೇಬಿಕಾ ಕೊಯ್ಲು, ಹಣ್ಣು ಸುಲಿಯುವ ಪಲ್ಪರ್ ಯಂತ್ರ, ಕಣದಲ್ಲಿ ಹರವಿದ ಕಾಫಿ ಇವುಗಳ ಮೇಲಿರುತ್ತದೆ. ಗಾಳ ಹಿಡಿದು ದಂಡೆಯಲ್ಲಿ ಕೂರುವ ಪುರುಸೊತ್ತು ಯಾರಿಗೂ ಇರುವುದಿಲ್ಲ. ಹೀಗಿದ್ದರೂ ತೋಟದ ಕೆರೆಗೆ ಚಳಿಗಾಲ ಒಳ್ಳೆಯ ಕಾಲವೇ. ಹೂಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರ್ ಹಾರಿಸಿ ಕಾಫಿ ಗಿಡಗಳಿಗೆ ಹೂ ಬಿಡಿಸಲೆಂದೇ ಇಂಥ ಕೆರೆಗಳನ್ನು ತೋಡಿಸಿರುತ್ತಾರೆ. ಆದ್ದರಿಂದ ಪಂಪು ಚಾಲೂ ಆಗುವ ಫೆಬ್ರವರಿಯ ತನಕ ಅವು ತುಂಬಿಕೊಂಡೇ ಇರುತ್ತವೆ. ಮಳೆಗಾಲದ ಕೆಸರು ತಳಕ್ಕಿಳಿದು ನೀರು ತಿಳಿಯಾಗಿರುತ್ತದೆ. ರಕ್ತ ಹೀರುವ ಉಂಬಳದ ಕಾಟವೂ ಇರುವುದಿಲ್ಲ. ಜುಲೈ ತಿಂಗಳಲ್ಲಿ ಇಂಥ ದಂಡೆಯ ಹುಲ್ಲಿನ ಮೇಲೆ ಸ್ವಲ್ಪ ಹೊತ್ತು ಕುಳಿತವರಿಗೆ ಇದೆಷ್ಟು ದೊಡ್ಡ ಅನುಕೂಲವೆಂದು ಬಿಡಿಸಿ ಹೇಳಬೇಕಾಗಿಲ್ಲ.

ತಂಗುವ ಮತ್ತು ಊಟದ ಖರ್ಚನ್ನು ಬಿಟ್ಟು, ಗಾಳಕ್ಕೆಂದು ತಲೆಗೆ 500 ರೂಪಾಯಿ ತೆಗೆದುಕೊಳ್ಳುತ್ತಾರೆ. ಅದರಲ್ಲಿ ಫೈಬರ್ ಕೋಲು, ರೀಲು, ಬೆಂಡು, ಎರೆ, ಜೊತೆಗೆ ನಿಂತು ಹೇಳಿಕೊಡುವ ಒಬ್ಬ ಸಹಾಯಕರ ನೆರವು ಸೇರಿರುತ್ತದೆ. ಹಿಡಿದ ಮೀನಿನಲ್ಲಿ ಒಂದು ಕುಟುಂಬಕ್ಕೆ ಒಂದನ್ನು ಅಡುಗೆಮನೆಗೆ ಕೊಡಬಹುದು, ಉಳಿದವನ್ನು ಕೆರೆಗೇ ಬಿಡಬೇಕು. ಈ ನಿಯಮ ನನಗೆ ತುಂಬ ಹಿಡಿಸಿತು.

ಆಕ್ಷೇಪವಿರುವುದು ಸಮಯದ ಬಗ್ಗೆ. ಹೋಂಸ್ಟೇಯ ವೇಳಾಪಟ್ಟಿಯಲ್ಲಿ ಮೀನು ಹಿಡಿಯುವುದಕ್ಕೆ ಬೆಳಿಗ್ಗೆ ಆರರಿಂದ ಎಂಟೂವರೆಯವರೆಗೆ ಹೊತ್ತು ನಿಗದಿಯಾಗಿದೆ. ಮಂಜು ತುಂಬಿದ ಕೆರೆ ಆ ಹೊತ್ತಿನಲ್ಲಿ ಕಣ್ಣಿಗೆ ಹಬ್ಬವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ, ಫೋಟೋ ತೆಗೆಯುವವರಿಗೆ ಅದಕ್ಕಿಂತ ಒಳ್ಳೆಯ ಗಳಿಗೆ ಬೇರೊಂದಿಲ್ಲ. ಆದರೆ ಫೋಟೋ ಬೇರೆ, ಮೀನು ಬೇರೆ. ನಾನು ಒಯ್ದಿದ್ದ ಥರ್ಮಾಮೀಟರ್ ಆರೂವರೆಯ ಹೊತ್ತಿಗೆ ಗಾಳಿಯಲ್ಲಿ 12 ಡಿಗ್ರಿ ಸೆಲ್ಸಿಯಸ್, ದಂಡೆಯ ನೀರಿನಲ್ಲಿ 19 ಡಿಗ್ರಿ ತೋರಿಸಿತು. ನೀರು ಗಾಳಿಗಿಂತ ಬೆಚ್ಚಗಿದ್ದುದರಿಂದಲೇ ಅದರ ಹಬೆ ತಣ್ಣನೆಯ ಗಾಳಿಗೆ ತಾಗಿ ಮಂಜಾಗಿ ನಿಂತಿತ್ತು. ಎಂದರೆ ಜನ ಮೆಚ್ಚಿ ನೋಡುವ ಆ ಮಂಜು, ಕೆರೆ ತನ್ನ ಬಿಸಿಯನ್ನು ಕಳೆದುಕೊಳ್ಳುತ್ತಿರುವುದರ ಗುರುತು. ಮೀನು ಶೀತರಕ್ತದ ಜೀವಿಯಾದ್ದರಿಂದ ಅದರ ಮೈಯ ಬಿಸಿ ನೀರಿನ ಬಿಸಿಯನ್ನೇ ಅನುಸರಿಸುತ್ತದೆ. ನೀರು 10 ಡಿಗ್ರಿಯಷ್ಟು ತಣ್ಣಗಾದರೆ ಅದರ ದೇಹದ ಕ್ರಿಯೆಗಳ ವೇಗ ಸರಿಸುಮಾರು ಅರ್ಧಕ್ಕಿಳಿಯುತ್ತದೆ. ತಿಂದದ್ದು ಅರಗಲು ಹೆಚ್ಚು ಕಾಲ ಹಿಡಿಯುತ್ತದೆ, ಹಸಿವು ಕುಗ್ಗುತ್ತದೆ, ಎದುರಿಗೆ ಎರೆ ತೇಲಿದರೂ ಅದರ ಬೆನ್ನು ಹತ್ತುವ ಉತ್ಸಾಹ ಮೀನಿಗೆ ಇರುವುದಿಲ್ಲ. ತೋಟದ ಕೆರೆಗಳಿಗೆ ಹೆಚ್ಚಾಗಿ ಬಿಡುವ ಕಾಟ್ಲಾ, ರೋಹು, ಮೃಗಾಲ್ ಮೂರೂ ಮೂಲತಃ ಗಂಗಾ ಬಯಲಿನ ನದಿಗಳ ಮೀನುಗಳು. ಅವು 25ರಿಂದ 30 ಡಿಗ್ರಿಯ ಆಸುಪಾಸಿನ ನೀರಿನಲ್ಲಿ ಚೆನ್ನಾಗಿ ತಿಂದು ಬೆಳೆಯುತ್ತವೆ, ನೀರು 20 ಡಿಗ್ರಿಯ ಹತ್ತಿರಕ್ಕೆ ಇಳಿದಂತೆ ಮೇವು ಕಡಿಮೆ ಮಾಡುತ್ತವೆ.

ಬೆಳಗಿನ ಜಾವಕ್ಕೆ ಇನ್ನೊಂದು ತೊಡಕೂ ಇದೆ. ನೀರಿನೊಳಗಿನ ಪಾಚಿ ಮತ್ತು ಗಿಡಗಳು ಹಗಲಿನಲ್ಲಿ ಆಮ್ಲಜನಕವನ್ನು ಬಿಡುತ್ತವೆ, ರಾತ್ರಿಯಿಡೀ ಅದನ್ನೇ ಎಳೆದುಕೊಳ್ಳುತ್ತವೆ. ಆದ್ದರಿಂದ ನಿಂತ ನೀರಿನ ಕೆರೆಯಲ್ಲಿ ಆಮ್ಲಜನಕ ಅತ್ಯಂತ ಕಡಿಮೆಯಿರುವುದು ಸೂರ್ಯ ಹುಟ್ಟುವ ಹೊತ್ತಿನಲ್ಲಿ, ಹೆಚ್ಚಿರುವುದು ಮಧ್ಯಾಹ್ನದ ಮೇಲೆ. ಬೇಸಿಗೆಯಲ್ಲಾದರೆ ಬಿಸಿಲೇರುವ ಮೊದಲಿನ ತಂಪಿಗೆ ಮೀನು ದಂಡೆಗೆ ಬರುತ್ತದೆ, ಆಗ ಮುಂಜಾನೆಯೇ ಸರಿಯಾದ ಸಮಯ. ಏಪ್ರಿಲ್ ತಿಂಗಳ ಆ ನಿಯಮವನ್ನು ಜನವರಿಗೂ ಹಾಗೆಯೇ ಎತ್ತಿ ಇಟ್ಟಿರುವುದರಿಂದ, ಅತಿಥಿಗಳು ನಡುಗುವ ಕೈಯಲ್ಲಿ ಕೋಲು ಹಿಡಿದು ಎರಡೂವರೆ ಗಂಟೆ ಅಲುಗಾಡದ ಬೆಂಡನ್ನು ನೋಡುತ್ತ ಕೂರಬೇಕಾಗುತ್ತದೆ. ನಮ್ಮ ಪಕ್ಕದಲ್ಲಿದ್ದ ಒಂದು ಕುಟುಂಬದ ಮಕ್ಕಳು ಏಳು ಗಂಟೆಗೇ ಅಳುತ್ತ ಕೋಣೆಗೆ ಮರಳಿದರು. ಚಳಿಗಾಲದಲ್ಲಿ ಮೀನು ಹಿಡಿಯುವುದೇ ಬೇಡವೆಂಬ ತೀರ್ಮಾನಕ್ಕೆ ಆ ಕುಟುಂಬ ಬಂದಿದ್ದರೆ ಆಶ್ಚರ್ಯವಿಲ್ಲ, ಮತ್ತು ಅದು ನನಗೆ ಬೇಸರದ ಸಂಗತಿ, ಏಕೆಂದರೆ ಅದೇ ಕೆರೆ ಅದೇ ದಿನ ನಾಲ್ಕೈದು ಗಂಟೆಗಳ ನಂತರ ಬೇರೆಯೇ ಆಗಿತ್ತು.

ಅದನ್ನು ತೋರಿಸಿಕೊಟ್ಟವರು ನಮ್ಮ ಸಹಾಯಕರು. ತೋಟದಲ್ಲಿ ಬಹಳ ಕಾಲ ಕೆಲಸ ಮಾಡಿದ ಹಿರಿಯರು. ಹೇಮಾವತಿ ದಂಡೆಯ ಊರಿನವರಾದ್ದರಿಂದ ಹುಡುಗರಾಗಿದ್ದಾಗಿನಿಂದಲೂ ಗಾಳ ಹಿಡಿದವರು. ಬೆಳಿಗ್ಗೆ ನಾವು ಹತಾಶರಾಗಿ ಕುಳಿತಿದ್ದಾಗ ಅವರು, “ಈಗ ಎದ್ದು ತಿಂಡಿ ತಿನ್ಕೊಂಡು ಬನ್ನಿ ಸಾರ್. ಬಡಗಣ ದಂಡೆಗೆ ಬಿಸಿಲು ಬಿದ್ದು ಒಂದು ಗಂಟೆ ಆಗ್ಲಿ, ಆಮೇಲೆ ನಾನೇ ಕರೀತೀನಿ” ಎಂದರು. ಹನ್ನೊಂದಕ್ಕೆ ಅವರು ನಮ್ಮನ್ನು ಕೂರಿಸಿದ ಜಾಗ, ಬೆಳಿಗ್ಗೆ ಹೋಂಸ್ಟೇಯವರು ಕುರ್ಚಿ ಹಾಕಿಸಿದ್ದ ಜಾಗಕ್ಕೆ ಸರಿಯಾಗಿ ಎದುರು ದಂಡೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ಸಾಗುವುದರಿಂದ ತೆಂಕಣ ದಂಡೆಯ ಸಿಲ್ವರ್ ಓಕ್ ಸಾಲಿನ ನೆರಳು ಆ ದಂಡೆಯ ನೀರಿನ ಮೇಲೆಯೇ ದಿನವಿಡೀ ಬಿದ್ದಿರುತ್ತದೆ. ಬಡಗಣ ದಂಡೆಯ ಆಳವಿಲ್ಲದ ನೀರಿಗೆ ಮಾತ್ರ ಬಿಸಿಲು ನೇರವಾಗಿ ತಾಗಿ ಬೇಗ ಬೆಚ್ಚಗಾಗುತ್ತದೆ. ಮಧ್ಯಾಹ್ನ ಒಂದರ ಹೊತ್ತಿಗೆ ಅಲ್ಲಿಯ ನೀರು 23 ಡಿಗ್ರಿಗೆ ಏರಿತ್ತು, ನೆರಳಿನ ಕಡೆ ಇನ್ನೂ 20ರಲ್ಲಿತ್ತು. ಮೂರು ಡಿಗ್ರಿಯ ಈ ಅಂತರ ನಮಗೆ ಏನೂ ಅಲ್ಲ, ಮೀನಿಗೆ ಅದು ಊಟಕ್ಕೇಳುವ ಕರೆ.

ಎರೆ ಕಟ್ಟುವುದರಲ್ಲಿಯೂ ಅವರ ಕ್ರಮ ಚಳಿಗಾಲಕ್ಕೆ ತಕ್ಕಂತಿತ್ತು. ಮೇಲ್ಮಣ್ಣು ಒಣಗಿ ಎರೆಹುಳು ಸಿಗದ ಈ ತಿಂಗಳುಗಳಲ್ಲಿ ಅವರು ಹುಳುವನ್ನು ತೆಗೆಯುವುದು ಹಳೆಯ ಕಾಫಿ ಸಿಪ್ಪೆಯ ಗೊಬ್ಬರದ ಗುಂಡಿಯಿಂದ. ಒಳಗೊಳಗೇ ಕೊಳೆಯುವ ಗೊಬ್ಬರ ಬೆಚ್ಚಗೂ ಹಸಿಯಾಗಿಯೂ ಇರುತ್ತದೆ. ಗೋಧಿಹಿಟ್ಟಿಗೆ ಕಡಲೆಕಾಯಿ ಹಿಂಡಿಯ ಪುಡಿ ಬೆರೆಸಿ ನಾದಿದ ಉಂಡೆಯನ್ನೂ ಕೊಟ್ಟರು, ಆದರೆ ಅದರ ಗಾತ್ರ ಕಡಲೆಕಾಳಿನಷ್ಟು ಮಾತ್ರ. ಗಾಳವೂ ಚಿಕ್ಕದು. ತಣ್ಣನೆಯ ನೀರಿನ ಮೀನು ಎರೆಯನ್ನು ಬಾಯಿ ತುಂಬ ನುಂಗಿ ಓಡುವುದಿಲ್ಲ, ತುಟಿಯ ತುದಿಯಲ್ಲಿ ಎಳೆದು ನೋಡುತ್ತದೆ; ಬೆಂಡು ಮುಳುಗುವುದನ್ನೇ ಕಾಯುವವರಿಗೆ ಮೀನು ಸಿಗುವುದಿಲ್ಲ, ಅದು ಒಂದು ಬದಿಗೆ ವಾಲಿದರೂ ಕೋಲನ್ನು ಮೆಲ್ಲಗೆ ಎತ್ತಬೇಕು ಎಂದು ಅವರು ಕೈ ಹಿಡಿದು ತೋರಿಸಿದರು. ಮೀನನ್ನು ಸೆಳೆಯಲು ನೀರಿಗೆ ತೌಡು, ಹಿಂಡಿ ಎರಚುವುದನ್ನು ಅವರು ಬಹಳ ಕಡಿಮೆ ಮಾಡುತ್ತಾರೆ. ಕಾರಣ ಕೇಳಿದ್ದಕ್ಕೆ, ಚಳಿಗೆ ಮೀನು ತಿನ್ನದೆ ಬಿಟ್ಟದ್ದೆಲ್ಲ ತಳದಲ್ಲಿ ಕೊಳೆತು ನೀರು ಕೆಡುತ್ತದೆ ಎಂದರು. ಮೀನು ಸಾಕಣೆಯ ಪಾಠಗಳಲ್ಲಿ ಹೇಳುವುದೂ ಇದನ್ನೇ: ನೀರು ತಣ್ಣಗಾದಂತೆ ಮೇವು ಇಳಿಸಬೇಕು. ಇಂಥ ಒಬ್ಬರು ಜೊತೆಗಿರುವುದೇ ಈ ಸೇವೆಯ ನಿಜವಾದ ಬೆಲೆ. ವೇಳಾಪಟ್ಟಿಯನ್ನು ಬರೆಯುವ ಕೆಲಸವನ್ನು ಅವರಿಗೇ ಒಪ್ಪಿಸಿದ್ದರೆ ನನ್ನ ಆಕ್ಷೇಪಗಳಲ್ಲಿ ಅರ್ಧ ಉಳಿಯುತ್ತಿರಲಿಲ್ಲ.

ಹನ್ನೊಂದರಿಂದ ಎರಡೂವರೆಯ ನಡುವೆ ನಮಗೆ ಸಿಕ್ಕಿದವುಗಳಲ್ಲಿ ಜಿಲೇಬಿ ಮೀನುಗಳು (ತಿಲಾಪಿಯಾ) ಚಿಕ್ಕವು. ಒಳ್ಳೆಯ ಗಾತ್ರದವೆಲ್ಲ ಸಾಮಾನ್ಯ ಗೆಂಡೆಗಳು (ಕಾಮನ್ ಕಾರ್ಪ್). ಇದು ಆಕಸ್ಮಿಕವಲ್ಲ. ಕಾಟ್ಲಾ ಮೇಲ್ಪದರದಲ್ಲಿ, ರೋಹು ನಡುನೀರಿನಲ್ಲಿ ಮೇಯುವ ಮೀನುಗಳು, ಚಳಿಗೆ ಬೇಗ ಮಂಕಾಗುವವೂ ಅವೇ. ಸಾಮಾನ್ಯ ಗೆಂಡೆ ತಳದ ಕೆಸರನ್ನು ಕೆದಕಿ ತಿನ್ನುತ್ತದೆ, ತಂಪನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಭಾರತಕ್ಕೆ ಈ ಜಾತಿಯನ್ನು ಮೊದಲು ತಂದದ್ದೇ ತಂಪು ಪ್ರದೇಶಕ್ಕಾಗಿ; 1939ರಲ್ಲಿ ಶ್ರೀಲಂಕಾದಿಂದ ತರಿಸಿ ನೀಲಗಿರಿಯ ನೀರಿಗೆ ಬಿಟ್ಟರು. ಆದ್ದರಿಂದ ಹೋಂಸ್ಟೇ ಗೊತ್ತುಮಾಡುವ ಮೊದಲು ಕೆರೆಯಲ್ಲಿ ಯಾವ ಮೀನು ಬಿಟ್ಟಿದ್ದೀರಿ ಎಂದು ಕೇಳುವುದು ಒಳ್ಳೆಯದು. ಕಾಟ್ಲಾ, ರೋಹು ಮಾತ್ರ ಎಂಬ ಉತ್ತರ ಬಂದರೆ ಚಳಿಗಾಲದಲ್ಲಿ ಅಲ್ಲಿ ಗಾಳದ ಆಸೆಯನ್ನು ಬಿಟ್ಟುಬಿಡಿರಿ.

ಸಲಕರಣೆಗಳು ಸಾಧಾರಣ ಮಟ್ಟದವು. ಕೋಲುಗಳು ಗಟ್ಟಿಯಾಗಿದ್ದವು, ರೀಲುಗಳ ನಿರ್ವಹಣೆ ಸಾಲದು. ಒಳಗಿನ ಗ್ರೀಸ್ ಹಳೆಯದಾಗಿ ಬೆಳಗಿನ ಚಳಿಗೆ ಮಂದವಾಗಿದ್ದರಿಂದ ಹಿಡಿ ತಿರುಗಿಸಲು ಬಲ ಹಾಕಬೇಕಾಯಿತು. ತಂಗೂಸಿ ದಾರ ಚಳಿಯಲ್ಲಿ ಬಿಗಿತು, ರೀಲಿನ ಸುರುಳಿಯ ಆಕಾರದಲ್ಲಿಯೇ ಉಳಿಯುತ್ತದೆ. ಎಸೆದಾಗ ಉಂಗುರ ಉಂಗುರವಾಗಿ ಬಿದ್ದು ಸಿಕ್ಕಾಗುತ್ತದೆ. ಬಳಸುವ ಮೊದಲು ಹತ್ತಾರು ಅಡಿ ದಾರವನ್ನು ಬಿಚ್ಚಿ, ಇಬ್ಬರು ಎರಡು ಕಡೆ ಹಿಡಿದು ಎಳೆದರೆ ಸರಿಹೋಗುತ್ತದೆ, ಸಹಾಯಕರು ಮಾಡಿದ್ದೂ ಅದನ್ನೇ. ಅತಿಥಿಗಳಿಗೆ ಚಳಿಯ ಉಡುಪಿನ ಬಗ್ಗೆ ಹೋಂಸ್ಟೇಯಿಂದ ಮುಂಚಿತವಾಗಿ ಯಾವ ಸೂಚನೆಯೂ ಬರುವುದಿಲ್ಲ. ಬೆಂಗಳೂರಿನಿಂದ ಬಂದವರು ಹತ್ತಿಯ ಟೀ ಶರ್ಟು, ಚಪ್ಪಲಿಯಲ್ಲಿ ಇಳಿದು ಬಂದಿದ್ದರು. ಇಬ್ಬನಿಯ ಹುಲ್ಲಿನಲ್ಲಿ ನಡೆದರೆ ಮೊಣಕಾಲಿನವರೆಗೆ ಒದ್ದೆಯಾಗುತ್ತದೆ. ಒದ್ದೆಯಾದ ಹತ್ತಿ ಬಟ್ಟೆ ಮೈಯ ಬಿಸಿಯನ್ನು ಎಳೆದುಬಿಡುತ್ತದೆ, ಉಣ್ಣೆ ಹಾಗಲ್ಲ. ಕಿವಿ ಮುಚ್ಚುವ ಟೊಪ್ಪಿ, ಉಣ್ಣೆಯ ಸ್ವೆಟರು, ಬೂಟು, ಒಂದು ಜೊತೆ ಹೆಚ್ಚಿನ ಕಾಲುಚೀಲ, ಕೈ ಒರೆಸಲು ಒಣ ಟವೆಲ್ ಇಷ್ಟಿದ್ದರೆ ಸಾಕು. ಕೈಗವಸು ಹಾಕುವುದಾದರೆ ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಕತ್ತರಿಸಿದ್ದನ್ನೇ ಹಾಕಿಕೊಳ್ಳಬೇಕು, ಇಲ್ಲವಾದರೆ ಎರೆ ಸಿಕ್ಕಿಸಲಾಗುವುದಿಲ್ಲ.

ಸುರಕ್ಷತೆಯ ವಿಷಯದಲ್ಲಿ ಮಾತ್ರ ನಾನು ಮೃದುವಾಗಿ ಬರೆಯಲಾರೆ. ತೋಟದ ಕೆರೆಗಳನ್ನು ಜೆಸಿಬಿಯಲ್ಲಿ ತೋಡಿಸಿರುವುದರಿಂದ ದಂಡೆ ಹೆಚ್ಚಿನ ಕಡೆ ಇಳಿಜಾರಾಗಿರದೆ ಕಡಿದಾಗಿರುತ್ತದೆ; ಎರಡು ಹೆಜ್ಜೆ ಮುಂದಿಟ್ಟರೆ ಆಳ. ಬೆಳಗಿನ ಇಬ್ಬನಿಗೆ ಆ ಕೆಮ್ಮಣ್ಣು ಎಣ್ಣೆ ಸವರಿದ ಹಾಗೆ ಜಾರುತ್ತದೆ. ಅಲ್ಲಿ ಬೇಲಿಯೂ ಇರಲಿಲ್ಲ, ಹಿಡಿದುಕೊಳ್ಳಲು ಹಗ್ಗವೂ ಇರಲಿಲ್ಲ. ಲೈಫ್ ಜಾಕೆಟ್‌ಗಳಿದ್ದವು, ಆದರೆ ಮಕ್ಕಳ ಅಳತೆಯದು ಒಂದೂ ಇರಲಿಲ್ಲ, ದೊಡ್ಡವರ ಜಾಕೆಟ್‌ಗಳಲ್ಲಿ ಒಂದರ ಬಕಲ್ ಮುರಿದಿತ್ತು. 12 ಡಿಗ್ರಿಯ ಗಾಳಿಯಲ್ಲಿ ಮೈಯೆಲ್ಲ ಒದ್ದೆಯಾದ ಮಗುವಿನ ದೇಹದ ಬಿಸಿ ದೊಡ್ಡವರಿಗಿಂತ ಬೇಗ ಇಳಿಯುತ್ತದೆ. ಹೋಂಸ್ಟೇಯ ಯಜಮಾನರಿಗೆ ಇದನ್ನು ನೇರವಾಗಿ ತಿಳಿಸಿದೆ. ಅವರು ಬೇಸರಪಟ್ಟುಕೊಳ್ಳದೆ ಕೇಳಿಸಿಕೊಂಡು, ಮೊದಲು ಹಗ್ಗ ಕಟ್ಟಿಸುವುದಾಗಿ ಹೇಳಿದರು. ಮಕ್ಕಳೊಂದಿಗೆ ಹೋಗುವವರು ಜಾಕೆಟ್‌ನ ಅಳತೆಯನ್ನು ಫೋನಿನಲ್ಲಿಯೇ ಕೇಳಿ ಖಚಿತಪಡಿಸಿಕೊಳ್ಳಬೇಕು.

ಅದೇ ಯಜಮಾನರನ್ನು ಮನಸಾರೆ ಮೆಚ್ಚಬೇಕಾದ ಸಂಗತಿಯೊಂದಿದೆ, ಮತ್ತು ಚಳಿಗಾಲದಲ್ಲಿ ಕಾಫಿ ಸೀಮೆಯಲ್ಲಿ ಮೀನು ಹಿಡಿಯುವ ಪ್ರತಿಯೊಬ್ಬರೂ ಅದನ್ನು ಗಮನಿಸಬೇಕು. ಅರೇಬಿಕಾ ಹಣ್ಣನ್ನು ಪಲ್ಪರ್‌ನಲ್ಲಿ ಸುಲಿದು, ಬೀಜದ ಮೇಲಿನ ಲೋಳೆಯನ್ನು ತೊಳೆದ ನೀರಿನಲ್ಲಿ ಸಕ್ಕರೆಯ ಅಂಶ ತುಂಬಿರುತ್ತದೆ. ಅದು ಬೇಗ ಹುಳಿಯೇರಿ ಆಮ್ಲೀಯವಾಗುತ್ತದೆ. ಆ ನೀರು ಹಳ್ಳಕ್ಕೋ ಕೆರೆಗೋ ಸೇರಿದರೆ, ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಹೀರಿಕೊಂಡು ಮೀನುಗಳು ಉಸಿರುಕಟ್ಟಿ ಸಾಯುತ್ತವೆ. ಪಲ್ಪಿಂಗ್ ನಡೆಯುವುದು ಸರಿಯಾಗಿ ಡಿಸೆಂಬರ್, ಜನವರಿಯಲ್ಲಿ, ಮಳೆಯಿಲ್ಲದೆ ಹಳ್ಳದ ಹರಿವು ಸೊರಗಿರುವ ಕಾಲದಲ್ಲಿ. ಈ ತೋಟದಲ್ಲಿ ಪಲ್ಪರ್ ನೀರಿಗೆಂದೇ ಕೆಳಗಡೆ ಬೇರೆ ತೊಟ್ಟಿಗಳನ್ನು ಕಟ್ಟಿಸಿದ್ದಾರೆ. ಮೊದಲ ತೊಟ್ಟಿಯಲ್ಲಿ ಸುಣ್ಣ ಹಾಕಿ ಹುಳಿಯನ್ನು ತಗ್ಗಿಸಿ, ಮುಂದಿನದರಲ್ಲಿ ನೀರನ್ನು ನಿಲ್ಲಿಸಿ ತಿಳಿಯಾಗಿಸುತ್ತಾರೆ. ಕೆರೆ ಅದಕ್ಕಿಂತ ಮೇಲಿನ ಪಾತಳಿಯಲ್ಲಿರುವುದರಿಂದ ತಪ್ಪಿಯೂ ಆ ನೀರು ಅಲ್ಲಿಗೆ ಹರಿಯುವುದಿಲ್ಲ. ಕೇಳಿದ ಕೂಡಲೇ ನಮ್ಮನ್ನು ಕರೆದುಕೊಂಡು ಹೋಗಿ ಎಲ್ಲವನ್ನೂ ತೋರಿಸಿದರು. ಯಾವುದೇ ತೋಟದಲ್ಲಿ ಗಾಳ ಹಾಕುವ ಮೊದಲು ಪಲ್ಪರ್ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿರಿ. ನೀರಿನಲ್ಲಿ ಹುಳಿ ವಾಸನೆ ಬಂದರೆ, ದಂಡೆಯಲ್ಲಿ ಕಂದು ನೊರೆ ಕಟ್ಟಿದ್ದರೆ ಅಲ್ಲಿಯ ಮೀನನ್ನು ಮುಟ್ಟಬೇಡಿರಿ.

ಹಿಡಿದು ಬಿಡುವುದಕ್ಕೂ ಚಳಿಗಾಲ ಅನುಕೂಲದ ಕಾಲ. ತಣ್ಣನೆಯ ನೀರು ಹೆಚ್ಚು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. ಸಮುದ್ರಮಟ್ಟದಲ್ಲಿ 30 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 7.5 ಮಿಲಿಗ್ರಾಂ ಕರಗಿದರೆ 20 ಡಿಗ್ರಿಯ ನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಕರಗುತ್ತದೆ. ದಣಿದ ಮೀನು ಚೇತರಿಸಿಕೊಳ್ಳಲು ಇದು ನೆರವಾಗುತ್ತದೆ. ಒಣಗಿದ ಕೈಯಲ್ಲಿ ಹಿಡಿದರೆ ಮೈಯ ಲೋಳೆ ಕಿತ್ತುಬರುವುದರಿಂದ ಕೈಯನ್ನು ನೀರಿನಲ್ಲಿ ಅದ್ದಿಯೇ ಹಿಡಿಯಬೇಕೆಂದು ಸಹಾಯಕರು ಪ್ರತಿಯೊಬ್ಬರಿಗೂ ಹೇಳುತ್ತಿದ್ದರು. ಚಳಿಗೆ ಕೈ ಅದ್ದಲು ಹಿಂಜರಿಯುವವರನ್ನೂ ಅವರು ಬಿಡಲಿಲ್ಲ, ಅದು ನನಗೆ ಸಂತೋಷ ತಂದಿತು.

ಇಷ್ಟಕ್ಕೆ ತೋಟದ ಕೆರೆಯೇ ಏಕೆ, ನದಿಗೇ ಹೋಗಬಾರದೇ ಎಂದು ಕೇಳುವವರಿದ್ದಾರೆ. ಗೊರೂರಿನಲ್ಲಿ 1979ರಲ್ಲಿ ಪೂರ್ಣಗೊಂಡ ಹೇಮಾವತಿ ಅಣೆಕಟ್ಟಿನ ಹಿನ್ನೀರು ಶೆಟ್ಟಿಹಳ್ಳಿಯ ಹಳೆಯ ಚರ್ಚಿನವರೆಗೂ ಹರಡಿದೆ. ಬಯಲು ಜಾಗ, ಚಳಿಗಾಳಿಗೆ ಮರೆಯಿಲ್ಲ, ಮೀನು ಎಲ್ಲಿದೆಯೆಂದು ಹೊಸಬರಿಗೆ ತಿಳಿಯುವುದಿಲ್ಲ, ಜಲಾಶಯದಲ್ಲಿ ಮೀನು ಹಿಡಿಯುವ ಹಕ್ಕು ಮೀನುಗಾರಿಕೆ ಇಲಾಖೆಯ ನಿಯಮಗಳಿಗೆ ಒಳಪಟ್ಟಿದೆ. ಭದ್ರಾ ಹುಲಿ ಮೀಸಲು ಪ್ರದೇಶದ ನೀರಿಗೆ ಗಾಳ ಹಾಕುವ ಯೋಚನೆಯನ್ನೇ ಮಾಡಬಾರದು. ಶೃಂಗೇರಿಯ ತುಂಗೆಯಲ್ಲಿಯೂ ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಕಾವೇರಿಯಲ್ಲಿಯೂ ಮೀನುಗಳನ್ನು ದೇವರ ಮೀನುಗಳೆಂದು ಕಾಪಾಡಿಕೊಂಡು ಬಂದಿದ್ದಾರೆ. ಕಾವೇರಿ ಕೊಳ್ಳದ ದೊಡ್ಡ ಮಹಶೀರ್ ಮೀನನ್ನು 2018ರಲ್ಲಿ ಅಳಿವಿನ ಅಂಚಿನ ಅತಿ ಗಂಭೀರ ಪಟ್ಟಿಗೆ ಸೇರಿಸಲಾಗಿದೆ. ಸಾಕಿ ಬೆಳೆಸಿದ ಗೆಂಡೆಯನ್ನು ತೋಟದ ಕೆರೆಯಲ್ಲಿ ಹಿಡಿಯುವುದರಿಂದ ಇವು ಯಾವುದಕ್ಕೂ ಧಕ್ಕೆಯಿಲ್ಲವೆಂಬುದು ನನ್ನ ಆಯ್ಕೆಗೆ ದೊಡ್ಡ ಕಾರಣ.

ಊಟದ ಬಗ್ಗೆ ಒಂದು ಮಾತು. ನಾವು ಕೊಟ್ಟ ಗೆಂಡೆಯನ್ನು ರಾತ್ರಿ ಹುಣಸೆಹುಳಿ ಬಿಟ್ಟ ಖಾರದ ಸಾರು ಮಾಡಿ, ಅಕ್ಕಿರೊಟ್ಟಿಯ ಜೊತೆ ಬಡಿಸಿದರು. ಗೆಂಡೆಗೆ ಮುಳ್ಳು ಹೆಚ್ಚು, ಕೆಸರಿನ ವಾಸನೆಯ ದೂರೂ ಇದೆ. ಇಲ್ಲಿ ಅರಿಶಿನ, ಉಪ್ಪು, ಹುಳಿ ಹಚ್ಚಿ ತೊಳೆದದ್ದರಿಂದ ವಾಸನೆ ಇರಲಿಲ್ಲ.

ಹೋಗುವವರು ಜನವರಿ ಮುಗಿಯುವುದರೊಳಗೆ ಹೋಗಬೇಕು. ಫೆಬ್ರವರಿಯಲ್ಲಿ ಸ್ಪ್ರಿಂಕ್ಲರ್‌ಗಳಿಗೆ ನೀರೆತ್ತಲು ಶುರುಮಾಡಿದರೆ ಕೆರೆಯ ಮಟ್ಟ ದಿನದಿನಕ್ಕೆ ಇಳಿಯುತ್ತದೆ, ಪಂಪಿನ ಸದ್ದಿಗೆ ಮೀನು ಬೆದರಿ ಆಳಕ್ಕೆ ಸೇರುತ್ತದೆ; ಉಳಿದ ಸ್ವಲ್ಪ ನೀರಿನಲ್ಲಿ ಒತ್ತೊತ್ತಾಗಿರುವ ಮೀನಿಗೆ ಗಾಳ ಹಾಕುವುದು ನನಗೆ ಸರಿಕಾಣುವುದಿಲ್ಲ. ಹೊರಡುವ ದಿನ ಯಜಮಾನರ ಹತ್ತಿರ ಸಮಯದ ವಿಷಯವನ್ನು ಮತ್ತೆ ಎತ್ತಿದೆ. ಕೊಯ್ಲಿನ ಆಳುಗಳ ಮೇಲ್ವಿಚಾರಣೆಗೆ ಸಹಾಯಕರು ಒಂಬತ್ತರ ನಂತರ ತೋಟದಲ್ಲಿರಬೇಕಾಗುವುದರಿಂದ ಬೆಳಗಿನ ಹೊತ್ತು ಗೊತ್ತುಮಾಡಿದ್ದಾಗಿ ಅವರು ವಿವರಿಸಿದರು. ಮೊದಲೇ ತಿಳಿಸಿದವರಿಗೆ ಹನ್ನೊಂದು ಗಂಟೆಗೆ ಅವರನ್ನು ಬಿಟ್ಟುಕೊಡಲು ಒಪ್ಪಿದ್ದಾರೆ, ಅದಕ್ಕೆ ಹೆಚ್ಚಿನ ಹಣ ಕೇಳುವುದಿಲ್ಲ. ಕೋಣೆ ಗೊತ್ತುಮಾಡುವಾಗಲೇ ಹನ್ನೊಂದು ಗಂಟೆಯ ಹೊತ್ತನ್ನೂ ಬಡಗಣ ದಂಡೆಯನ್ನೂ ಕೇಳಿ ಪಡೆಯಿರಿ.